ಕಂಪ್ಯೂಟರ್ ಕೆಟ್ಟ ದಿನ ಕನ್ನಡ ಎಲ್ಲಿರುತ್ತದೆ?

ಕಂಪ್ಯೂಟರಿಗೆ ಕನ್ನಡ ಬಂದು ಕಾಲು ಶತಮಾನವಾಯಿತು ಎಂದು ಹೇಳಿಕೊಳ್ಳುವುದು ಈಗ ವಾಡಿಕೆ. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟ್ ಬಂತು, ಆಮೇಲೆ ಕನ್ನಡದ ಮೆನುಗಳು ಬಂದವು, ಈಗಂತೂ ಯೂನಿಕೋಡಿನಲ್ಲಿ ಟೈಪಿಸುವುದು ಮಕ್ಕಳಿಗೂ ಗೊತ್ತು. ಹೆಮ್ಮೆ ಪಡಬಹುದಾದದ್ದೇ. ಆದರೆ ಆ ಹೆಮ್ಮೆಯ ತೂಕ ನೋಡಬೇಕಾದರೆ ಯಂತ್ರ ಚೆನ್ನಾಗಿ ಓಡುತ್ತಿರುವ ದಿನ ನೋಡಿ ಪ್ರಯೋಜನವಿಲ್ಲ. ಅದು ಕೆಟ್ಟು, ಆಪರೇಟಿಂಗ್ ಸಿಸ್ಟಮನ್ನು ಬುಡದಿಂದ ಹೊಸದಾಗಿ ಹಾಕಬೇಕಾದ ದಿನ ನೋಡಬೇಕು. ಆ ದಿನ ವಿಂಡೋಸಿನ ತೆರೆಯ ಮೇಲೆ ಕನ್ನಡದ ಒಂದಕ್ಷರವೂ ಇರುವುದಿಲ್ಲ.

ಕಾರಣ ಸರಳ. ಮೈಕ್ರೋಸಾಫ್ಟಿನ ಲೆಕ್ಕದಲ್ಲಿ ಭಾಷೆಗಳಿಗೆ ಎರಡು ದರ್ಜೆ. ಕೆಲವು ಪೂರ್ಣ ಭಾಷೆಗಳು; ವಿಂಡೋಸ್ ಅವುಗಳಲ್ಲೇ ಹುಟ್ಟುತ್ತದೆ, ಅವುಗಳಲ್ಲೇ ಕೆಡುತ್ತದೆ, ಅವುಗಳಲ್ಲೇ ರಿಪೇರಿಯಾಗುತ್ತದೆ. ಉಳಿದವು ಇಂಗ್ಲಿಷಿನಂಥ ಮೂಲಭಾಷೆಯ ಮೇಲೆ ಹೊದಿಸುವ ತೆಳುವಾದ ಹೊದಿಕೆಗಳು. ಇವಕ್ಕೆ ‘ಲ್ಯಾಂಗ್ವೇಜ್ ಇಂಟರ್‌ಫೇಸ್ ಪ್ಯಾಕ್’ ಎಂದು ಹೆಸರು. ಕನ್ನಡ, ಮರಾಠಿ, ತಮಿಳು, ಕೊನೆಗೆ ಹಿಂದಿಯೂ ಈ ಎರಡನೆಯ ದರ್ಜೆಯಲ್ಲಿವೆ. ವಿಂಡೋಸ್ 11 ಹಾಕಲು ಬೇಕಾದ ಫೈಲನ್ನು ಇಳಿಸಿಕೊಳ್ಳಲು ಹೋದರೆ ಮೂವತ್ತಕ್ಕೂ ಹೆಚ್ಚು ಭಾಷೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಎಸ್ಟೋನಿಯನ್ ಇದೆ, ಲ್ಯಾಟ್ವಿಯನ್ ಇದೆ, ಸ್ಲೊವೇನಿಯನ್ ಇದೆ. ಭಾರತದ ಒಂದು ಭಾಷೆಯೂ ಇಲ್ಲ. ಇಡೀ ಎಸ್ಟೋನಿಯಾದ ಜನಸಂಖ್ಯೆ 13 ಲಕ್ಷದ ಆಸುಪಾಸು. ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡ ನಗರಪಾಲಿಕೆಯೊಂದರಲ್ಲೇ 2011ರ ಜನಗಣತಿಯಲ್ಲಿ 17 ಲಕ್ಷ ಜನ ಇದ್ದರು. ಎಸ್ಟೋನಿಯದವರ ಮೇಲೆ ಯಾರಿಗೂ ಸಿಟ್ಟಿಲ್ಲ. ಅವರಿಗೆ ಸಿಕ್ಕಿರುವುದು ಸರಿಯಾಗಿಯೇ ಇದೆ. 4 ಕೋಟಿ 37 ಲಕ್ಷ ಜನ ತಾಯ್ನುಡಿಯೆಂದು ಬರೆಸಿದ ಕನ್ನಡಕ್ಕೆ, 8 ಕೋಟಿ ದಾಟಿದ ಮರಾಠಿಗೆ ಏಕಿಲ್ಲ ಎಂಬುದಷ್ಟೇ ಪ್ರಶ್ನೆ.

ಪುಣೆಯ ಹೆಸರು ಸುಮ್ಮನೆ ಬಂದಿಲ್ಲ. ಭಾರತೀಯ ಲಿಪಿಗಳು ಕಂಪ್ಯೂಟರಿನೊಳಗೆ ಬಂದ ಕಥೆಯಲ್ಲಿ ಈ ಊರಿನದು ದೊಡ್ಡ ಪಾಲು. 1988ರಲ್ಲಿ ಸಿ-ಡ್ಯಾಕ್ ಶುರುವಾದದ್ದು ಇಲ್ಲಿ. ಐಐಟಿ ಕಾನ್ಪುರದಲ್ಲಿ ಮೊಳೆತ ‘ಜಿಸ್ಟ್’ ತಂತ್ರಜ್ಞಾನ ಬೆಳೆದದ್ದು ಆ ಸಂಸ್ಥೆಯಲ್ಲಿ. ಕನ್ನಡದ ಎಷ್ಟೋ ಪ್ರಕಾಶಕರು, ಡಿಟಿಪಿ ಅಂಗಡಿಗಳು ವರ್ಷಗಟ್ಟಲೆ ನೆಚ್ಚಿಕೊಂಡ ‘ಶ್ರೀಲಿಪಿ’ಯನ್ನು ಮಾಡಿದ ಮಾಡ್ಯುಲರ್ ಇನ್ಫೋಟೆಕ್ ಪುಣೆಯ ಕಂಪನಿ. ಲಿನಕ್ಸ್ ಬಳಸುವವರಿಗೆ ಪರಿಚಿತವಾದ ‘ಲೋಹಿತ್’ ಫಾಂಟುಗಳನ್ನು ಸಾಕಿ ಬೆಳೆಸಿದವರಲ್ಲಿ ರೆಡ್ ಹ್ಯಾಟ್‌ನ ಪುಣೆ ಕಚೇರಿಯ ತಂಡ ಮುಖ್ಯವಾದದ್ದು. ಇಂಥ ಊರಿನಲ್ಲಿ, ತಿಲಕ್ ರಸ್ತೆಯ ಕಂಪ್ಯೂಟರ್ ಅಂಗಡಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಬರುವ ಮನುಷ್ಯನ ಪಾಡು ಏನು?

ಅವನು ಕಲಬುರಗಿಯಿಂದಲೋ ಕುಂದಾಪುರದಿಂದಲೋ ಬಂದು ಇಲ್ಲೇ ನೆಲೆನಿಂತವನು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಬ್ಯಾಂಕಿನಲ್ಲಿ ಹಿಂದಿ. ಮೂರು ಭಾಷೆಯಲ್ಲಿ ಸಂಸಾರ, ವ್ಯಾಪಾರ ಎಲ್ಲ ತೂಗಿಸಿದವನು ನಾಲ್ಕನೆಯದರ ಮುಂದೆ ಬಾಯಿ ಕಟ್ಟಿ ನಿಲ್ಲುತ್ತಾನೆ. ಅಂಗಡಿಯ ಹುಡುಗ ಕೇಳುವುದು ಎರಡೇ ಪ್ರಶ್ನೆ: “ಫಾರ್ಮ್ಯಾಟ್ ಮಾರೂ ಕಾ? ಡೇಟಾ ಪಾಹಿಜೆ ಕಾ?” ಫಾರ್ಮ್ಯಾಟ್ ಎಂದರೆ ಸ್ವಚ್ಛ ಮಾಡುವುದು ಎಂದು ಈತ ತಿಳಿದಿದ್ದಾನೆ. ಡೇಟಾ ಎಂದರೆ ಇವನಿಗೆ ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಸಿಗುತ್ತದಲ್ಲ, ಅದು. ಬೇಡ ಎನ್ನುತ್ತಾನೆ. ಡೆಸ್ಕ್‌ಟಾಪಿನ ಮೇಲೆ ಇಟ್ಟಿದ್ದ ಮಗಳ ಮದುವೆಯ ಫೋಟೋ, ಅಂಗಡಿ ಲೆಕ್ಕ, ತೀರಿಕೊಂಡ ತಂದೆಯ ದನಿ ಇದ್ದ ಒಂದೇ ಒಂದು ರೆಕಾರ್ಡಿಂಗ್ ಎಲ್ಲ ಅಲ್ಲಿಗೆ ಮುಗಿಯುತ್ತದೆ. ಡೆಸ್ಕ್‌ಟಾಪ್ ಎಂಬುದು ಸಿ ಡ್ರೈವಿನೊಳಗಿನ ಒಂದು ಫೋಲ್ಡರ್, ಅಳಿಸುವಾಗ ಮೊದಲು ಹೋಗುವುದು ಅದೇ ಎಂದು ಅವನಿಗೆ ಯಾರೂ, ಯಾವ ಭಾಷೆಯಲ್ಲೂ ಹೇಳಿರಲಿಲ್ಲ.

ಯಂತ್ರ ಹೇಳಿತ್ತು, ನಿಜ. ವಿಂಡೋಸ್ 11ರ 2024ರ ಆವೃತ್ತಿಯಿಂದೀಚೆಗೆ ಇನ್‌ಸ್ಟಾಲ್ ಶುರುವಾಗುವ ಹೊತ್ತಿಗೆ ಒಂದು ಚೌಕ ಬರುತ್ತದೆ: ಫೈಲು, ಆ್ಯಪ್, ಸೆಟ್ಟಿಂಗ್ ಎಲ್ಲವೂ ಅಳಿಸಿಹೋಗುತ್ತದೆ, ಇದಕ್ಕೆ ನನ್ನ ಒಪ್ಪಿಗೆ ಇದೆ, ಎಂಬರ್ಥದ ಸಾಲು ಅದರ ಪಕ್ಕ. ಗುರುತು ಹಾಕದೆ ಮುಂದೆ ಹೋಗುವಂತಿಲ್ಲ. ಒಳ್ಳೆಯ ಏರ್ಪಾಟು. ಆದರೆ ಆ ಸಾಲು ಭಾರತದಲ್ಲಿ ಬರುವುದು ಇಂಗ್ಲಿಷಿನಲ್ಲಿ. ಗುರುತು ಹಾಕುವವನು ಕಂಪ್ಯೂಟರಿನ ಒಡೆಯನಲ್ಲ, ಅಂಗಡಿಯ ಹುಡುಗ. ಒಡೆಯ ಕೌಂಟರಿನ ಈಚೆ ಚಹಾ ಕುಡಿಯುತ್ತಿರುತ್ತಾನೆ. ಓದಲಾಗದ ಕಾಗದಕ್ಕೆ ಇನ್ನೊಬ್ಬನ ಹೆಬ್ಬೆಟ್ಟು ಒತ್ತಿಸಿಕೊಂಡು ‘ಒಪ್ಪಿಗೆ ಪಡೆದಿದ್ದೇವೆ’ ಎನ್ನುವ ಸಾಹುಕಾರರ ಕಥೆಗಳನ್ನು ಕನ್ನಡಿಗರು ಬೇಕಾದಷ್ಟು ಓದಿದ್ದಾರೆ.

ಈ ರೀಇನ್‌ಸ್ಟಾಲಿನ ಗೋಳು ಈಚೆಗೆ ಹೆಚ್ಚಾಗಿರುವುದಕ್ಕೆ ತಾರೀಕು ಹೇಳಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನದು ಅಥವಾ ಮುಂದಿನದು ಇರಬೇಕು. 2016ರಲ್ಲಿ ಕೊಂಡ, ಕೀಲಿಮಣೆ ಸವೆಯದ, ಬ್ಯಾಟರಿ ಮಾತ್ರ ಸೋತ ಲ್ಯಾಪ್‌ಟಾಪ್ ಈ ಲೆಕ್ಕದಲ್ಲಿ ಅನರ್ಹ. ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟಿಗೆ ದಾರಿ ಬಿಟ್ಟರು. ಯುರೋಪಿನ ಆರ್ಥಿಕ ವಲಯದವರಿಗೆ ಅದು ಬ್ಯಾಕಪ್ಪಿನ ಷರತ್ತಿಲ್ಲದೆ ಪುಕ್ಕಟೆ, ಅಲ್ಲಿನ ಗ್ರಾಹಕ ಸಂಘಟನೆಗಳು ಜಗಳ ತೆಗೆದದ್ದರಿಂದ. ಉಳಿದವರು ತಮ್ಮ ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟಿನ ಕ್ಲೌಡಿಗೆ ಕೊಡಬೇಕು, ಇಲ್ಲವೇ ಪಾಯಿಂಟ್ ಅಥವಾ ದುಡ್ಡು ಕೊಡಬೇಕು. ಗಲಾಟೆ ಮಾಡಿದವರಿಗೆ ಒಂದು ನ್ಯಾಯ, ಸುಮ್ಮನಿದ್ದವರಿಗೆ ಇನ್ನೊಂದು.

ಇನ್ನು ಇನ್‌ಸ್ಟಾಲಿನ ಒಳಗಿನ ಮುಳ್ಳುಗಳು. ಇಂಟೆಲಿನ ಹನ್ನೊಂದನೆಯ ತಲೆಮಾರಿನಿಂದೀಚೆಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಪೆನ್‌ಡ್ರೈವ್ ಚುಚ್ಚಿ ಇನ್‌ಸ್ಟಾಲ್ ಶುರು ಮಾಡಿದರೆ, ಡಿಸ್ಕೇ ಕಾಣುತ್ತಿಲ್ಲ ಎನ್ನುತ್ತದೆ. ಡಿಸ್ಕ್ ಹಾಳಾಗಿರುವುದಿಲ್ಲ. ವಿಎಂಡಿ ಎಂಬ ಏರ್ಪಾಟಿನ ಹಿಂದೆ ಅದು ಅಡಗಿರುತ್ತದೆ. ತಯಾರಕರ ಜಾಲತಾಣದಿಂದ ಇಂಟೆಲಿನ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವಿಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಿದರೆ ಕಾಣುತ್ತದೆ. ಐದು ನಿಮಿಷದ ಕೆಲಸ. ಇದನ್ನು ತಾಯ್ನುಡಿಯಲ್ಲಿ ಎರಡು ಸಾಲು ಹೇಳುವವರಿಲ್ಲದೆ ‘ಹಾರ್ಡ್‌ಡಿಸ್ಕ್ ಹೋಗಿದೆ’ ಎಂಬ ಮಾತು ನಂಬಿ ಹೊಸದು ಕೊಂಡು ಬರುವುದು ಸುಲಭ. ಇನ್ನೊಂದು, ಲೈಸೆನ್ಸು. ವಿಂಡೋಸ್ 8ರ ಕಾಲದಿಂದ ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸಿನ ಕೀ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಕೂತಿರುತ್ತದೆ. ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ತಾನಾಗಿ ಸಕ್ರಿಯವಾಗುತ್ತದೆ. ದುಡ್ಡು ಕೊಟ್ಟು ಕೊಂಡ ಈ ಹಕ್ಕು ತನ್ನ ಯಂತ್ರದಲ್ಲೇ ಇದೆ ಎಂದು ಗೊತ್ತಿಲ್ಲದೆ, ಕಳ್ಳ ‘ಪ್ರೊ’ ಆವೃತ್ತಿ ಹಾಕಿಸಿಕೊಂಡು ಅದಕ್ಕೆ ಬೇರೆ ಹಣ ತೆತ್ತವರು ಎಷ್ಟಿಲ್ಲ! ಅಂದಹಾಗೆ, ಭಾರತದಲ್ಲಿ ಮಾರುವ ಬಹುಪಾಲು ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬರುವ ಆ ಆವೃತ್ತಿಯ ಹೆಸರು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ 22 ಭಾಷೆ ಇರುವ ದೇಶಕ್ಕೆ ಒಂದೇ ಭಾಷೆಯ ವಿಂಡೋಸ್.

ಎಲ್ಲಕ್ಕಿಂತ ಕ್ರೂರವಾದದ್ದು ಬಿಟ್‌ಲಾಕರ್. ಕಳುವಾದ ಲ್ಯಾಪ್‌ಟಾಪಿನಿಂದ ಯಾರೂ ಏನೂ ಓದದಂತೆ ಡಿಸ್ಕಿನ ವಿಷಯವನ್ನೆಲ್ಲ ಗೂಢಲಿಪಿಯಾಗಿಸುವ ವ್ಯವಸ್ಥೆ ಇದು, ಉದ್ದೇಶ ಒಳ್ಳೆಯದೇ. ಹೊಸ ಇನ್‌ಸ್ಟಾಲುಗಳಲ್ಲಿ, ಹೋಮ್ ಆವೃತ್ತಿಯಲ್ಲೂ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಇದು ತಾನಾಗಿ ಚಾಲೂ ಆಗುತ್ತದೆ. 48 ಅಂಕಿಗಳ ರಿಕವರಿ ಕೀ ಒಂದನ್ನು ಆ ಖಾತೆಯಲ್ಲಿ ಇಡುತ್ತದೆ. ಮುಂದೊಂದು ದಿನ ಬಯೋಸ್ ಅಪ್‌ಡೇಟ್ ಆದಾಗಲೋ ಮದರ್‌ಬೋರ್ಡ್ ಬದಲಿಸಿದಾಗಲೋ ನೀಲಿ ತೆರೆ ಆ ಅಂಕಿಗಳನ್ನು ಕೇಳುತ್ತದೆ. ಕೊಡದಿದ್ದರೆ ಫೈಲುಗಳಿಲ್ಲ, ಮೈಕ್ರೋಸಾಫ್ಟಿಗೂ ತೆರೆಯಲಾಗದು. ಈಗ ಯೋಚಿಸಿ: ಇನ್‌ಸ್ಟಾಲ್ ಮಾಡುವಾಗ ಖಾತೆ ಕೇಳಿತು, ಗಿರಾಕಿಗೆ ತನ್ನ ಪಾಸ್‌ವರ್ಡ್ ನೆನಪಿಲ್ಲ, ಅಂಗಡಿಯ ಹುಡುಗ ಸಂಜೆಯೊಳಗೆ ಇನ್ನೂ ನಾಲ್ಕು ಯಂತ್ರ ಮುಗಿಸಬೇಕು. ಅವನು ತನ್ನ ಖಾತೆಯನ್ನೋ ಆಗಷ್ಟೇ ಹುಟ್ಟಿಸಿದ ಒಂದು ಖಾತೆಯನ್ನೋ ಹಾಕಿ ಮುಂದೆ ಒತ್ತಿದ. ಮನೆಯ ಬೀಗದ ಕೈ ಆ ಕ್ಷಣದಲ್ಲಿ ಬೇರೆಯವರ ಜೇಬು ಸೇರಿತು. ಕೊಟ್ಟವನಿಗೂ ಗೊತ್ತಿಲ್ಲ, ತೆಗೆದುಕೊಂಡವನಿಗೂ ಗೊತ್ತಿಲ್ಲ. ಎರಡು ವರ್ಷದ ನಂತರ ನೀಲಿ ತೆರೆ ಎದ್ದಾಗ ಆ ಹುಡುಗ ಅಂಗಡಿ ಬಿಟ್ಟು ಹೋಗಿರುತ್ತಾನೆ.

ಹುಡುಗನನ್ನು ಬೈದು ಫಲವಿಲ್ಲ. ಅವನಿಗೂ ಆ ತೆರೆಗಳ ಇಂಗ್ಲಿಷ್ ಓದಲು ಬರುವುದಿಲ್ಲ. ಯಾವ ಜಾಗದಲ್ಲಿ ಯಾವ ಬಟನ್ ಎಂದು ಕೈ ಕಲಿತಿರುತ್ತದೆ ಅಷ್ಟೇ. ಬಟನ್ನಿನ ಜಾಗ ಬದಲಾದ ದಿನ ಅವನೂ ತಪ್ಪುತ್ತಾನೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದೂ ಕನ್ನಡಿಗರಿಂದಲೇ. ಐದು ವರ್ಷಕ್ಕೊಮ್ಮೆ ತಂತ್ರಜ್ಞರು ಮಾಡುವ ಕೆಲಸಕ್ಕೆ ಕನ್ನಡ ಏಕೆ? ಪಾರ್ಟಿಷನ್ನಿಗೆ ‘ವಿಭಜನೆ’, ಬೂಟಿಗೆ ಇನ್ನೇನೋ ಎಂದು ಬರೆದರೆ ಯಾರಿಗೆ ತಿಳಿಯುತ್ತದೆ? ಎರಡನೆಯ ಮಾತಿನಲ್ಲಿ ಹುರುಳಿದೆ. ಕಮಿಟಿಗಳು ಕೂತು ಹೊಸೆದ ಸಂಸ್ಕೃತ ಪದಗಳಿಂದ ಕನ್ನಡದ ಮೆನುಗಳನ್ನು ಕನ್ನಡಿಗರೇ ಓಡಿಸಿಬಿಟ್ಟಿದ್ದಾರೆ. ಪಾರ್ಟಿಷನ್ ಪಾರ್ಟಿಷನ್ ಎಂದೇ ಇರಲಿ, ಡ್ರೈವ್ ಡ್ರೈವ್ ಎಂದೇ ಇರಲಿ. ಬೇಕಾಗಿರುವುದು ಪದವಲ್ಲ, ವಾಕ್ಯ: ‘ಇದನ್ನು ಒತ್ತಿದರೆ ನಿಮ್ಮ ಫೋಟೋಗಳೆಲ್ಲ ಹೋಗುತ್ತವೆ, ಮತ್ತೆ ಸಿಗುವುದಿಲ್ಲ.’ ಇಷ್ಟು ಬರೆಯಲು ಯಾವ ಪಾರಿಭಾಷಿಕ ಕೋಶವೂ ಬೇಡ. ಮೊದಲನೆಯ ಮಾತು ಮಾತ್ರ ಸೋಮಾರಿತನದ್ದು. ಅಪರೂಪಕ್ಕೆ ಬರುವ ಕಷ್ಟದಲ್ಲೇ ಮಾತು ಅರ್ಥವಾಗಬೇಕು. ದಿನವೂ ಒತ್ತುವ ಬಟನ್ ಚೀನಿ ಭಾಷೆಯಲ್ಲಿದ್ದರೂ ವಾರದಲ್ಲಿ ರೂಢಿಯಾಗುತ್ತದೆ.

ತಾಂತ್ರಿಕವಾಗಿ ಆಗದು ಎಂಬ ನೆವವೂ ನಿಲ್ಲುವುದಿಲ್ಲ. ಡೆಬಿಯನ್ ಲಿನಕ್ಸಿನ ಗ್ರಾಫಿಕಲ್ ಇನ್‌ಸ್ಟಾಲರ್ ತೆರೆದರೆ ಮೊದಲ ಪುಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಮರಾಠಿ ಇದೆ. ಅನುವಾದ ಮಾಡಿದವರಲ್ಲಿ ಸಂಬಳವಿಲ್ಲದ ಸ್ವಯಂಸೇವಕರೂ ಇದ್ದಾರೆ. ಕೆಲವು ಸಾಲುಗಳು ಒರಟಾಗಿರಬಹುದು. ಆದರೆ ಡಿಸ್ಕಿಗೆ ಏನಾಗಲಿದೆ ಎಂದು ಅದು ಕನ್ನಡದಲ್ಲಿ ಹೇಳುತ್ತದೆ. ಹಾಗಂತ ಎಲ್ಲರೂ ಲಿನಕ್ಸ್ ಹಾಕಿಕೊಳ್ಳಿ ಎಂಬ ಉಪದೇಶ ಇಲ್ಲಿ ಕೆಲಸಕ್ಕೆ ಬಾರದು. ಲೆಕ್ಕದ ತಂತ್ರಾಂಶ, ಹಳೆಯ ಪ್ರಿಂಟರ್, ಮಕ್ಕಳ ಪರೀಕ್ಷೆಯ ಆ್ಯಪ್ ಎಲ್ಲ ವಿಂಡೋಸನ್ನೇ ಕೇಳುತ್ತವೆ. ಸ್ವಯಂಸೇವಕರೂ ಸೇರಿ ಮಾಡಿದ್ದನ್ನು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದು ಮಾಡಿಲ್ಲ ಎಂಬುದಷ್ಟೇ ಗಮನಿಸಬೇಕಾದದ್ದು.

ಕೇಳಿದರೆ ಮಾಡುತ್ತಾರೆ ಎಂಬುದಕ್ಕೆ ಇಲ್ಲಿಯದೇ ಉದಾಹರಣೆ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಮೊಬೈಲ್ ಫೋನುಗಳಿಗೆ ಆದೇಶ ಹೊರಡಿಸಿತು: ಮಾರಾಟವಾಗುವ ಪ್ರತಿ ಫೋನೂ 22 ಭಾಷೆಗಳ ಅಕ್ಷರ ತೋರಿಸಬೇಕು, ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದಾದರೂ ಭಾರತೀಯ ಭಾಷೆಯಲ್ಲಿ ಟೈಪ್ ಮಾಡಲು ಬರಬೇಕು. ತಯಾರಕರು ಗೊಣಗಿದರು, ಗಡುವು ಮುಂದೆ ಹೋಯಿತು, ಕೊನೆಗೆ ಜಾರಿಯಾಯಿತು. ಅಂಥದೊಂದು ಮಾನದಂಡ ಕಂಪ್ಯೂಟರಿನ ರಿಕವರಿ ತೆರೆಗೆ ಏಕಿಲ್ಲ? 2022ರಲ್ಲಿ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿಯ ಹಕ್ಕಿ’ಗೆ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಅಲ್ಲಿನ ಚರ್ಚೆ ಹೆಚ್ಚಾಗಿ ಬಿಡಿಭಾಗ, ಕೈಪಿಡಿ, ವಾರಂಟಿಯ ಸುತ್ತ. ಕೈಪಿಡಿ ಯಾವ ಭಾಷೆಯಲ್ಲಿ, ಎಚ್ಚರಿಕೆ ಯಾವ ಭಾಷೆಯಲ್ಲಿ ಎಂಬುದು ಯಾರ ಬೇಡಿಕೆಯಲ್ಲೂ ಮೇಲೆ ಬಂದಿಲ್ಲ. ಬೆಂಗಳೂರಿನಲ್ಲಿ ನಾಮಫಲಕದ ಶೇಕಡಾ 60ರಷ್ಟು ಜಾಗಕ್ಕೆ ಹೋರಾಡಿದ ಜನ, ಮುಂಬಯಿ-ಪುಣೆಯಲ್ಲಿ ಅಂಗಡಿ ಬೋರ್ಡಿಗೆ ಮಸಿ ಬಳಿದ ಜನ, ಬೋರ್ಡಿನ ಒಳಗೆ ಕೌಂಟರಿನ ಮೇಲೆ ತೆರೆದಿಟ್ಟ ಈ ತೆರೆಯನ್ನು ಒಮ್ಮೆ ನೋಡಿದ್ದರೆ!

ಕನ್ನಡದ ಮನೆಯೊಳಗಿನ ತಪ್ಪನ್ನೂ ಹೇಳದಿದ್ದರೆ ಈ ಜಗಳ ಅರ್ಧದ್ದಾಗುತ್ತದೆ. ರೀಇನ್‌ಸ್ಟಾಲ್ ಆದ ಮೇಲೆ ಉಳಿದುಕೊಂಡ ಕಡತಗಳೂ ಎಷ್ಟೋ ಸಲ ಓದಲು ಬರುವುದಿಲ್ಲ. ಹಳೆಯ ನುಡಿ, ಶ್ರೀಲಿಪಿ, ಬರಹಗಳಲ್ಲಿ ಯೂನಿಕೋಡಿಗೆ ಮುಂಚೆ ಟೈಪಿಸಿದ್ದು ನಿಜದಲ್ಲಿ ಕನ್ನಡ ಅಕ್ಷರವೇ ಅಲ್ಲ. ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ. ಫಾಂಟ್ ಹೋದರೆ ವೇಷ ಕಳಚಿ ಕಸದಂಥ ಗುರುತುಗಳು ಉಳಿಯುತ್ತವೆ. ಯೂನಿಕೋಡಿನ ತುಂಗಾದಲ್ಲಿ ಬರೆದವರಿಗೆ ಭಯವಿಲ್ಲ. ವಿಂಡೋಸ್ 10ರಿಂದೀಚೆಗೆ ಆ ಫಾಂಟ್ ಮೊದಲೇ ಬರುವುದಿಲ್ಲ, ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಭಾಗ ಸೇರಿಸಿದರೆ ಮರಳುತ್ತದೆ, ಸೇರಿಸದಿದ್ದರೂ ನಿರ್ಮಲಾ ಫಾಂಟಿನಲ್ಲಿ ಓದಬಹುದು. ಹಳೆಯ ವೇಷದ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರುವ ಕೆಲಸ ಯಂತ್ರ ಇನ್ನೂ ಓಡುತ್ತಿರುವಾಗಲೇ ಆಗಬೇಕು. ಸಂಘಗಳ ಸ್ಮರಣಸಂಚಿಕೆ, ಲೇಖಕರ ಹಸ್ತಪ್ರತಿ, ಶಾಲೆಗಳ ದಾಖಲೆ ಹೀಗೆ ಡಿಸ್ಕಿನಲ್ಲಿದ್ದೂ ಇಲ್ಲದಂತಾಗಿವೆ.

ಸರ್ಕಾರಗಳ ಕೈಯಲ್ಲಿ ಇರುವ ಬಲವಾದ ಆಯುಧ ಟೆಂಡರು. ಶಾಲೆ, ಕಚೇರಿ, ವಿದ್ಯಾರ್ಥಿಗಳಿಗೆಂದು ಲ್ಯಾಪ್‌ಟಾಪುಗಳನ್ನು ಸಾವಿರಗಟ್ಟಲೆ ಕೊಳ್ಳುವ ಕರ್ನಾಟಕ, ಮಹಾರಾಷ್ಟ್ರಗಳು ಆ ಕಾಗದದಲ್ಲಿ ಎರಡು ಷರತ್ತು ಬರೆದರೆ ಸಾಕು. ಇನ್‌ಸ್ಟಾಲ್ ಮತ್ತು ರಿಕವರಿ ತೆರೆಗಳ ಎಚ್ಚರಿಕೆಯ ವಾಕ್ಯಗಳು ರಾಜ್ಯದ ಭಾಷೆಯಲ್ಲಿರಬೇಕು. ಮತ್ತು ಪ್ರತಿ ಡಬ್ಬಿಯೊಳಗೆ ಅದೇ ಭಾಷೆಯ ಒಂದು ಹಾಳೆ ಇರಬೇಕು: ಕೀ ಎಲ್ಲಿದೆ, ಖಾತೆ ಯಾರ ಹೆಸರಿನಲ್ಲಿರಬೇಕು, 48 ಅಂಕಿಗಳನ್ನು ಬರೆದಿಡಲು ಎಂಟು ಖಾಲಿ ಚೌಕ, ಚೌಕಕ್ಕೆ ಆರು ಅಂಕಿ.