ಒಂದು ಗಳಿಗೆ ತಡೆದರೆ

ತೂಗುಸೇತುವೆಯ ಪಾಠ ನಡೆಯುತ್ತಿತ್ತು. ಕಪ್ಪುಹಲಗೆಯ ಮೇಲೆ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಚಿತ್ರ ಬರೆದೆ. 1937ರಲ್ಲಿ ತೆರೆದ ಈ ಸೇತುವೆಗೆ ಈಗ ಎರಡೂ ಬದಿಯಲ್ಲಿ ಉಕ್ಕಿನ ಬಲೆ ಕಟ್ಟಿದ್ದಾರೆ. ಬಾಳು ಬೇಡವೆನಿಸಿ ಅಲ್ಲಿಗೆ ಬಂದವರ ಪ್ರಾಣ ಉಳಿಸಲೆಂದು ಮಾಡಿದ ಈ ಕೆಲಸ 2024ರ ಜನವರಿಯಲ್ಲಿ ಮುಗಿಯಿತು ಎಂದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ಸಾಯಲೇಬೇಕೆಂದು ಹೊರಟವರು ಬೇರೆ ಕಡೆ ಹೋಗುವುದಿಲ್ಲವೇ? ಬಲೆಯಿಂದ ಏನು ಪ್ರಯೋಜನ?”

ಒಳ್ಳೆಯ ಪ್ರಶ್ನೆ. ಹಿರಿಯರಲ್ಲೂ ಅನೇಕರು ಹೀಗೆಯೇ ತಿಳಿದಿದ್ದಾರೆ. ಆದರೆ ಯಾವ ಊಹೆಯನ್ನೂ ಪರೀಕ್ಷಿಸದೆ ಒಪ್ಪಬಾರದು ಎಂಬುದು ವಿಜ್ಞಾನದ ಮೊದಲ ಪಾಠ.

ರಿಚರ್ಡ್ ಸೈಡನ್ ಎಂಬ ಸಂಶೋಧಕರು ಈ ಊಹೆಯನ್ನು ಪರೀಕ್ಷಿಸಿದರು. 1937ರಿಂದ 1971ರವರೆಗೆ ಅದೇ ಸೇತುವೆಯ ಮೇಲೆ ತಡೆದು ಉಳಿಸಿದ 515 ಮಂದಿ ಮುಂದೇನಾದರೆಂದು ಹುಡುಕಿ, 1978ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು 94 ಮಂದಿ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. ವಾಷಿಂಗ್ಟನ್ ನಗರದ ಎಲಿಂಗ್ಟನ್ ಸೇತುವೆಗೆ 1986ರಲ್ಲಿ ಬೇಲಿ ಹಾಕಿದಾಗಲೂ, ಕೂಗಳತೆಯಲ್ಲಿರುವ ಟ್ಯಾಫ್ಟ್ ಸೇತುವೆಯಲ್ಲಿ ಸಾವುಗಳು ಹೇಳುವಷ್ಟು ಹೆಚ್ಚಲಿಲ್ಲ.

ಕಾರಣವೇನು? ಒಲೆಯ ಮೇಲಿನ ಹಾಲನ್ನು ನೋಡಿ. ಉಕ್ಕಿ ಬಂದಾಗ ಉರಿ ತಗ್ಗಿಸಿದರೆ ಸಾಕು, ಕೆಳಗಿಳಿಯುತ್ತದೆ. ಮನಸ್ಸಿನ ನೋವಿಗೆ ಕಾರಣಗಳು ಹಲವು, ಅದು ಬಹುಕಾಲ ಇರಲೂಬಹುದು. ಆದರೆ ಪ್ರಾಣವನ್ನೇ ಬಿಡುವೆನೆಂಬ ಆವೇಗ ಬಹುಪಾಲು ಅಲ್ಪಕಾಲದ್ದು. ಬಲೆ ನೋವನ್ನು ಗುಣಪಡಿಸದು. ಅದು ಸಮಯ ಕೊಡುತ್ತದೆ. ಆ ಸಮಯದಲ್ಲಿ ಒಬ್ಬರು ಕೈಹಿಡಿಯಬಹುದು, ವೈದ್ಯರು ಚಿಕಿತ್ಸೆ ನೀಡಬಹುದು.

ಪೋಷಕರೇ, ಇಂಥ ಬಲೆ ಮನೆಯಲ್ಲೂ ಬೇಕು. ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿ. ಫಲಿತಾಂಶದ ದಿನ ಅಂಕ ಕೇಳುವ ಮೊದಲು ಮಗುವಿಗೆ ಊಟ ಬಡಿಸಿ. ಮಂಕಾಗಿ ಕುಳಿತ ಮಗುವನ್ನು “ಸಾಯುವ ಯೋಚನೆ ಬಂದಿದೆಯೇನಪ್ಪ?” ಎಂದು ನೇರವಾಗಿಯೇ ಕೇಳಿ. ಕೇಳಿದರೆ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಬೈಯದೆ ಕೇಳಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ.

ಮಕ್ಕಳೇ, ಮನೆಯಲ್ಲಿ ಹೇಳಲಾಗದಿದ್ದರೆ ನಿಮ್ಮ ಮೇಷ್ಟ್ರಿಗೆ ಹೇಳಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಫಲಿತಾಂಶದ ದಿನ ನನ್ನ ಮುಂದೆ ಬಿಕ್ಕಿ ಅತ್ತವರು ಎಷ್ಟೋ ಮಂದಿ. ಅವರಲ್ಲಿ ಕೆಲವರು ಈಗ ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸಲು ಬಂದಾಗ, ಆ ದಿನವನ್ನು ನೆನೆದು ನಗುತ್ತಾರೆ.