ಮೇಲೆ ಥಳಕು, ಮೋರಿಗೆ ನೊರೆ

ವಿಮಾನಪುರ ಅಂದರೆ ವಿಮಾನಕ್ಕೇ ಬಣ್ಣ ಹೊಡೆದ ಕೈಗಳ ಊರು. ಇಲ್ಲೂ ಭಾನುವಾರ ಬೆಳಗಾದರೆ ಕಾರಿಗೆ ಬಟ್ಟೆ ಒಗೆಯುವ ಪುಡಿಯ ಅಭ್ಯಂಜನ! ಬಕೆಟ್‌ಗೆ ಒಂದು ಹಿಡಿ ಪುಡಿ, ಮೇಲೊಂದು ಪೈಪು. ಆಯ್ತು ಸೇವೆ.

ಆದರೆ ಆಗೋದೇನು? ಆ ಪುಡಿಯಲ್ಲಿರೋದು ಸೋಡಾ, ಅಂದರೆ ಕ್ಷಾರ. ಅಂಗಿಯ ಜಿಡ್ಡು ತೆಗೆದ ಹಾಗೇ ಬಣ್ಣದ ಮೇಲಿನ ಮೇಣವನ್ನೂ ತೆಗೆದುಬಿಡುತ್ತೆ. ಆಮೇಲೆ ಹಕ್ಕಿ ಹಿಕ್ಕೆಯ ಆಮ್ಲಕ್ಕೆ ಅಡ್ಡ ನಿಲ್ಲೋರು ಯಾರು? ಬೋರ್‌ವೆಲ್ ನೀರು ಒಣಗಿದರೆ ಸುಣ್ಣದ ಬಿಳಿಚುಕ್ಕೆ ಬೇರೆ. ಅದು ಹೋಗಲಿ ಅಂತ ಕಾಂಪೌಂಡ್ ಹಾಕಿ ಉಜ್ಜಿಸಿದರೆ, ಅದು ಹೊಳಪು ಹಚ್ಚೋದಲ್ಲ, ಬಣ್ಣ ಹೆರೆಯೋದು. ಮೇಲಿನ ಪಾರದರ್ಶಕ ಪದರ ಸುಮಾರು ಒಂದು ತಲೆಗೂದಲಷ್ಟೇ ದಪ್ಪ. ಎಷ್ಟು ಸಲ ಹೆರೆದೀರಿ?

ನೊರೆ ಹೋಗೋದು ಎಲ್ಲಿಗೆ? ಮೋರಿ, ರಾಜಕಾಲುವೆ, ಬೆಳ್ಳಂದೂರು ಕೆರೆ. 2015ರಲ್ಲಿ ಆ ಕೆರೆಯ ನೊರೆಗೇ ಬೆಂಕಿ ಹತ್ತಿದ್ದು ಮರೆತುಹೋಯಿತೆ? ದೊಡ್ಡ ಪಾಲು ಮನೆಮನೆಯ ಕೊಳಚೆಯದು, ನಿಜ. ಹನಿಗೂಡಿದರೆ ಹಳ್ಳ ಅನ್ನೋದೂ ನಿಜ.

2024ರ ಬರದಲ್ಲಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಸಾರಿತು. ದಂಡಕ್ಕೆ ಹೆದರಿಯೇ ಬುದ್ಧಿ ಬರಬೇಕೆ? ನೆರಳಲ್ಲಿ ನಿಲ್ಲಿಸಿ, ಎರಡು ಬಕೆಟ್ ನೀರು, ಒಂದು ಮುಚ್ಚಳ ಕಾರ್ ಶಾಂಪೂ, ಮೆತ್ತನೆ ಬಟ್ಟೆ. ಸಾಕು.

ಕಾರು ಮಿಂಚಲಿ ಸ್ವಾಮಿ, ಕೆರೆ ಉರಿಯೋದು ಬೇಡ.