ಪಿಂಚಣಿ ಭಿಕ್ಷೆಯಲ್ಲ

ಯುದ್ಧ ಬಂದಾಗ ಸಿಪಾಯಿಯ ಕೊರಳಿಗೆ ಹಾರ ಹಾಕುವ ಸರ್ಕಾರವು, ಅವನು ಸತ್ತ ಮೇಲೆ ಅವನ ಹೆಂಡತಿಯ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತುವುದೆಂದರೆ ಅದಕ್ಕಿಂತ ನಾಚಿಕೆಗೇಡು ಬೇರೆ ಯಾವುದು?

2013ರ ಜನವರಿಯಲ್ಲಿ ಕಾಶ್ಮೀರದ ಗಡಿರೇಖೆಯ ಬಳಿ ಗಸ್ತು ತಿರುಗುತ್ತಿದ್ದ ಸಿಪಾಯಿಯೊಬ್ಬ ಕಡುಚಳಿಯಲ್ಲಿ ಉಸಿರುಕಟ್ಟಿ ತೀರಿಕೊಂಡ. ಆ ಸಾವನ್ನು ಅಧಿಕಾರಿಗಳು ಮೊದಲು ಯುದ್ಧದ ಸಾವೆಂದು ಬರೆದುಕೊಂಡರು. ಬಳಿಕ ತಿದ್ದಿ ಬೇರೆ ವರ್ಗಕ್ಕೆ ಇಳಿಸಿದರು. ಒಂದು ಶಬ್ದ ಬದಲಾದದ್ದರಿಂದ ವಿಧವೆಗೆ ಸಲ್ಲಬೇಕಾದ ಹೆಚ್ಚಿನ ಕುಟುಂಬ ಪಿಂಚಣಿ ತಪ್ಪಿತು. 2019ರಲ್ಲಿ ಸೈನಿಕ ನ್ಯಾಯಮಂಡಳಿಯು ಆಕೆಯ ಪರ ತೀರ್ಪು ಕೊಟ್ಟಿತು. ಸರ್ಕಾರ ಸುಮ್ಮನಾಗದೆ ಸುಪ್ರೀಂ ಕೋರ್ಟಿಗೆ ಅಪೀಲು ಹೋಯಿತು. 2024ರ ಡಿಸೆಂಬರಿನಲ್ಲಿ ಕೋರ್ಟು ಅಪೀಲನ್ನು ವಜಾ ಮಾಡಿ, ಈ ಹೆಣ್ಣುಮಗಳನ್ನು ಇಲ್ಲಿಯವರೆಗೆ ಎಳೆದು ತರಬಾರದಿತ್ತೆಂದು ಹೇಳಿ, ಸರ್ಕಾರವೇ ಆಕೆಗೆ 50,000 ರೂಪಾಯಿ ಖರ್ಚು ಕೊಡಬೇಕೆಂದು ವಿಧಿಸಿತು. ಅಷ್ಟು ಹೊತ್ತಿಗೆ ಗಂಡ ಸತ್ತು ಹನ್ನೆರಡು ವರ್ಷ ತುಂಬುತ್ತ ಬಂದಿತ್ತು.

ಇದು ಎಲ್ಲೋ ಒಂದು ಕಡೆ ನಡೆದ ಅಚಾತುರ್ಯವೆಂದು ನಾವು ಒಪ್ಪಲಾರೆವು. 1985ರಲ್ಲಿ ಸೈನ್ಯಕ್ಕೆ ಸೇರಿದ ಮತ್ತೊಬ್ಬ ಸಿಪಾಯಿಗೆ ನೌಕರಿಯಲ್ಲಿದ್ದಾಗಲೇ ಮೂರ್ಛೆರೋಗ ಬಂತು. ಒಂಬತ್ತು ವರ್ಷ ದುಡಿಸಿಕೊಂಡು 1994ರಲ್ಲಿ ಅವನನ್ನು ಮನೆಗೆ ಕಳಿಸಿದರು. ರೋಗವು ನೌಕರಿಯಿಂದ ಬಂದದ್ದಲ್ಲ, ಅವನ ಮೈಯಲ್ಲೇ ಇದ್ದದ್ದೆಂದು ವೈದ್ಯಮಂಡಳಿ ಬರೆಯಿತು. ಅಂಗವೈಕಲ್ಯ ಪಿಂಚಣಿ ನಿಂತಿತು. ಸೇರಿಸಿಕೊಳ್ಳುವಾಗ ಎದೆ ಅಳೆದು, ಕಣ್ಣು ನೋಡಿ, ಗಟ್ಟಿಮುಟ್ಟು ಎಂದು ಬರೆದುಕೊಂಡವರು ಯಾರು? ಇದೇ ಸರ್ಕಾರದ ವೈದ್ಯರಲ್ಲವೆ? ಸೇರುವಾಗ ದಾಖಲೆಯಲ್ಲಿ ರೋಗವಿಲ್ಲದಿದ್ದರೆ ಅದು ನೌಕರಿಯಲ್ಲೇ ಬಂದದ್ದೆಂದು ತಿಳಿಯಬೇಕು, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟು ಸಾರಿದ್ದು 2013ರಲ್ಲಿ. ಆ ಬಡವನಿಗೆ ನ್ಯಾಯ ಸಿಗಲು ಹತ್ತೊಂಬತ್ತು ವರ್ಷ ಹಿಡಿಯಿತು.

ಗಿರಣಿಯ ಬಂಧುಗಳಿಗೆ ಈ ಮಾತು ಹೊಸದಲ್ಲ. ಹತ್ತಿಯ ಧೂಳು ಕುಡಿದು ಎದೆ ಕಟ್ಟಿದ ಕೆಲಸಗಾರನಿಗೆ ಮಾಲೀಕನು ಹೇಳುವುದೇನು? 'ನಿನ್ನ ಕೆಮ್ಮು ಬೀಡಿಯದು, ಗಿರಣಿಯದಲ್ಲ' ಎಂದು. 1923ರ ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಗೆ ಹತ್ತಿಧೂಳಿನ ರೋಗ ಸೇರಿದ್ದು ಈ ವಾದವನ್ನು ಮುರಿಯಲೆಂದೇ. ಮಾಲೀಕನ ಬಾಯಿಂದ ಕೇಳಿದರೆ ಅನ್ಯಾಯವಾಗುವ ವಾದ, ಸರ್ಕಾರದ ಬಾಯಿಂದ ಬಂದರೆ ನ್ಯಾಯವಾಗುವುದೆ?

ಸುಳ್ಳು ಅರ್ಜಿಗಳೂ ಬರುತ್ತವೆ, ಬೊಕ್ಕಸವನ್ನು ಕಾಯಬೇಡವೆ ಎಂದು ಸರ್ಕಾರದ ಪರವಾದವರು ಕೇಳಬಹುದು. ಕಾಯಲಿ. ಸುಳ್ಳನ್ನು ತನಿಖೆ ಮಾಡಿ ಹಿಡಿಯಲಿ. ಆದರೆ ಕಳ್ಳನೊಬ್ಬ ಇದ್ದಾನೆಂದು ಊರಿಗೆಲ್ಲ ಕೋಳ ತೊಡಿಸುವುದು ಯಾವ ನ್ಯಾಯ? ವಕೀಲರಿಗೆ ಸುರಿಯುವ ಹಣವೂ ಅದೇ ಬೊಕ್ಕಸದ್ದು. ಅಂಗಡಿಯ ಸಣ್ಣ ವ್ಯಾಪಾರಿ ಕಟ್ಟಿದ ತೆರಿಗೆಯೂ ಅದರಲ್ಲಿದೆ. ಸರ್ಕಾರಕ್ಕೆ ಕಾಯಲು ನೂರು ವರ್ಷವಿದೆ, ವಿಧವೆಗೆ ಇಲ್ಲ. ಸೈನಿಕ ನ್ಯಾಯಮಂಡಳಿಯ ಖಾಯಂ ಪೀಠ ಕರ್ನಾಟಕದಲ್ಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಯುದ್ಧವನ್ನು ಬಯಸುವವರು ನಾವಲ್ಲ. ಆದರೆ ಸೈನ್ಯದ ಕೆಳದರ್ಜೆಯಲ್ಲಿ ದುಡಿಯುವವರು ಬಹುಮಟ್ಟಿಗೆ ರೈತನ, ಕೂಲಿಯವನ ಮಕ್ಕಳು. ಬೆಳಗಾವಿಯ, ಕೊಡಗಿನ ಹಳ್ಳಿಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಿಂಚಣಿಯು ಸರ್ಕಾರದ ಔದಾರ್ಯವಲ್ಲ, ಹಿಂದೆ ದುಡಿದ ದುಡಿಮೆಯ ಫಲ ಎಂದು ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 1982ರಲ್ಲೇ ತೀರ್ಮಾನಿಸಿದ್ದಾರೆ. ರಕ್ಷಣಾ ಸಚಿವರೇ 2015ರಲ್ಲಿ ನೇಮಿಸಿದ ತಜ್ಞರ ಸಮಿತಿಯೂ ಇಂಥ ಅಪೀಲುಗಳನ್ನು ಕೈಬಿಡಬೇಕೆಂದು ಸಲಹೆ ಮಾಡಿತು. ಇಷ್ಟಾದರೂ 2024ರಲ್ಲಿ ವಿಧವೆಯೊಬ್ಬಳು ದಿಲ್ಲಿಯ ಕೋರ್ಟಿನಲ್ಲಿ ಉತ್ತರ ಹೇಳಬೇಕಾಯಿತು.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ನ್ಯಾಯಮಂಡಳಿಯಲ್ಲಿ ಗೆದ್ದ ಸಿಪಾಯಿಯ, ವಿಧವೆಯ ಮೇಲೆ ಹೂಡಿರುವ ಅಪೀಲುಗಳನ್ನು ಸರ್ಕಾರ ಹಿಂತೆಗೆದುಕೊಳ್ಳಲಿ. ನಿಯಮಗಳನ್ನು 2008ರಲ್ಲಿ ಬದಲಿಸಿದರು, 2023ರಲ್ಲಿ ಮತ್ತೆ ಬದಲಿಸಿದರು. ಎಷ್ಟು ಸಲ ಬದಲಿಸಿದರೂ ರುಜುವಾತಿನ ಹೊಣೆ ರೋಗಿಯ ತಲೆಯ ಮೇಲೆ ಬೀಳದಿರಲಿ. ಕರ್ನಾಟಕಕ್ಕೆ ಖಾಯಂ ಪೀಠ ಬರಲಿ. ಕಾರ್ಮಿಕ ಸಂಘಗಳು ತಮ್ಮ ಸಭೆಗಳಲ್ಲಿ ಈ ನಿರ್ಣಯ ಮಾಡಿ ಲೋಕಸಭಾ ಸದಸ್ಯರಿಗೆ ಕಳಿಸಬೇಕು. ಇಂದು ಸಿಪಾಯಿಯ ಪಿಂಚಣಿಯನ್ನು ದಾನವೆನ್ನುವ ಕೈ, ನಾಳೆ ನಮ್ಮ ಗ್ರಾಚುಯಿಟಿಯನ್ನೂ ಪ್ರಾವಿಡೆಂಟ್ ಫಂಡನ್ನೂ ದಾನವೆಂದೇ ಕರೆದೀತು.